ಕಿಣ್ವವೂ ರೋಗರಕ್ಷೆಯೂ

(ಶ್ರೀಮಠದ ಮಹೋತ್ಸವದ ಜ್ಞಾನಗೋಷ್ಠಿಯಲ್ಲಿ, ಹಾನಗಲ್ಲಿನಲ್ಲಿ ಮಾಡಿದ ಉಪನ್ಯಾಸ)



ವ್ಯಾಕರಣ ತರ್ಕಗಳ ಪಾಠ ಹೇಳುವವನು ವ್ಯಾಕ್ಸಿನ್ನಿನ ವಿಷಯವನ್ನೆತ್ತಿಕೊಂಡು ಏತಕ್ಕೆ ನಿಂತನೆಂದು ತಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾದೀತು. ಇದಕ್ಕೆ ಕಾರಣವೆರಡು. ಮೊದಲನೆಯದು, ಈ ವಿದ್ಯೆಯ ಮೂಲಸಾಧನವಾದ ಕಿಣ್ವವು ನಮ್ಮ ಶಾಸ್ತ್ರಗ್ರಂಥಗಳಿಗೆ ಹೊಸದಲ್ಲ. ಎರಡನೆಯದು, ಮಗು ಹುಟ್ಟಿದ ದಿವಸವೇ ಸೂಜಿಯೇತಕ್ಕೆ, ಅದರಲ್ಲಿರುವ ದ್ರವ್ಯವು ಶುದ್ಧವೋ ಅಶುದ್ಧವೋ, ಅದು ಹೆಂಡದ ಹುದುಗಿನಿಂದ ಆದದ್ದೆಂಬುದು ನಿಜವೋ ಎಂದು ಮಠಕ್ಕೆ ಬರುವ ತಾಯಂದಿರೂ ಹಿರಿಯರೂ ಮೇಲಿಂದ ಮೇಲೆ ಕೇಳುವರು. ಕೇಳಿದವರಿಗೆ ಬಾಯಿಗೆ ಬಂದುದನ್ನು ಹೇಳಿ ಕಳಿಸುವದು ವಿದ್ವಾಂಸನ ಧರ್ಮವಲ್ಲ. ಆದುದರಿಂದ ತಿಳಿದವರಿಂದ ತಿಳಿದುಕೊಂಡು, ನಮ್ಮ ಪಾಠಶಾಲೆಯ ಪದ್ಧತಿಯಂತೆ ಮೊದಲು ವಿಷಯವನ್ನೂ ಆ ಮೇಲೆ ಪೂರ್ವಪಕ್ಷ ಸಿದ್ಧಾಂತಗಳನ್ನೂ ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುವೆನು.

ಕಿಣ್ವವೆಂದರೆ ಹಿಟ್ಟನ್ನೂ ರಸವನ್ನೂ ಉಬ್ಬಿಸಿ ಹುಳಿಸುವ ಬೀಜದ್ರವ್ಯವು. ಮೈಸೂರಿನ ಪ್ರಾಚ್ಯಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದೊಳಗೆ, ಸುರಾಧ್ಯಕ್ಷನ ಪ್ರಕರಣದಲ್ಲಿ, ಉದ್ದು ಅಕ್ಕಿಗಳನ್ನು ಕೂಡಿಸಿ ಕಿಣ್ವವನ್ನು ಮಾಡುವ ವಿಧಾನವು ಹೇಳಲ್ಪಟ್ಟಿದೆ. ಉದ್ದು ಅಕ್ಕಿಗಳನ್ನು ರುಬ್ಬಿ ರಾತ್ರಿಯಿಟ್ಟು ಬೆಳಗಿಗೆ ಉಬ್ಬಿದ ಹಿಟ್ಟನ್ನು ಕಾಣುವ ನಮ್ಮ ತಾಯಂದಿರಿಗೆ ಈ ಯೋಗವು ಅಪರಿಚಿತವಲ್ಲ. ಇನ್ನು ದರ್ಶನಗ್ರಂಥಗಳನ್ನು ನೋಡಿದರೆ, ಚಾರ್ವಾಕರು ಇದೇ ಕಿಣ್ವವನ್ನು ದೃಷ್ಟಾಂತವಾಗಿ ಹಿಡಿದು, ಬಿಡಿಬಿಡಿಯಾಗಿದ್ದಾಗ ಇಲ್ಲದ ಮದಶಕ್ತಿಯು ಹುದುಗಿದಾಗ ಹುಟ್ಟುವಂತೆ ಜಡಭೂತಗಳ ಕೂಟದಿಂದಲೇ ಚೈತನ್ಯವು ಹುಟ್ಟುವದೆಂದು ವಾದಿಸಿದರು. ಅವರ ವಾದವನ್ನು ನಾವು ಒಪ್ಪುವದಿಲ್ಲ. ಆದರೆ ದೃಷ್ಟಾಂತದಲ್ಲಿಯೇ ಒಂದು ಕೊರತೆಯಿದ್ದಿತೆಂಬುದು ಆ ಕಾಲದಲ್ಲಿ ವಾದಿಗೂ ತಿಳಿದಿರಲಿಲ್ಲ, ಪ್ರತಿವಾದಿಗೂ ತಿಳಿದಿರಲಿಲ್ಲ. ಕಿಣ್ವವು ಜಡವಲ್ಲ, ಅದೇ ಜೀವಿಗಳ ಸಮೂಹವು. 1680ರಲ್ಲಿ ಹಾಲಂಡಿನ ಲೇವೆನ್‌ಹುಕ್ ಎಂಬವನು ತಾನೇ ತಿಕ್ಕಿ ಮಾಡಿದ ಮಸೂರದಿಂದ ಆ ಕಣಗಳನ್ನು ಕಂಡನು. 1857ರಿಂದ ಮುಂದಿನ ವರುಷಗಳಲ್ಲಿ ಫ್ರಾನ್ಸಿನ ಪಾಶ್ಚರನು ಹುದುಗುವಿಕೆಯು ಜೀವಿಗಳ ಕಾರ್ಯವೆಂಬುದನ್ನು ಪ್ರಯೋಗಗಳಿಂದ ಸಾಧಿಸಿದನು.

ಈಗಿನ ಶಾಲಾಪುಸ್ತಕಗಳಲ್ಲಿ ಕಿಣ್ವವೆಂಬ ಶಬ್ದವನ್ನು ಎನ್‌ಜೈಮಿಗೆ ಬಳಸುವರಾದ್ದರಿಂದ, ಗೊಂದಲವಾಗದಿರಲೆಂದು ಈ ಜೀವಿಯನ್ನು ಮುಂದೆ ಯೀಸ್ಟು ಎಂದೇ ಕರೆಯುವೆನು. ಯೀಸ್ಟು ಪ್ರಾಣಿಯಲ್ಲ, ಗಿಡವೂ ಅಲ್ಲ. ಅಣಬೆಯ ಕುಲಕ್ಕೆ ಸೇರಿದ ಏಕಕೋಶದ ಜೀವಿಯು. ಇನ್ನೂರು ಯೀಸ್ಟುಗಳನ್ನು ಸಾಲಾಗಿ ನಿಲ್ಲಿಸಿದರೆ ಒಂದು ಮಿಲಿಮೀಟರಿನಷ್ಟಾದೀತು. ಮೊಗ್ಗೆಯೊಡೆದಂತೆ ಒಂದರಿಂದ ಮತ್ತೊಂದು ಹುಟ್ಟುವದು. ರೊಟ್ಟಿಯಂಗಡಿಯ ಬ್ರೆಡ್ಡನ್ನು ಉಬ್ಬಿಸುವದೂ ಇದೇ, ಸೇಂದಿಯನ್ನು ಹುಳಿಸುವದೂ ಇದೇ.

ಇನ್ನು ರೋಗದ ವಿಚಾರ. ಕಣ್ಣು ಮೈ ಹಳದಿಯಾದರೆ ನಾವು ಕಾಮಾಲೆಯೆನ್ನುವೆವು. ಆದರೆ ಕಾಮಾಲೆಯು ಲಕ್ಷಣವೇ ಹೊರತು ಒಂದೇ ರೋಗವಲ್ಲ. ಕೆಟ್ಟ ನೀರು ಅನ್ನಗಳಿಂದ ಬರುವ ಕಾಮಾಲೆಯು ಬಹುಮಟ್ಟಿಗೆ ಪಥ್ಯ ವಿಶ್ರಾಂತಿಗಳಿಂದ ತಾನೇ ಇಳಿಯುವದು. ಔಷಧಿಯ ಗಿಡವನ್ನು ಅರೆದು ಕೊಟ್ಟವನಿಗೆ ಕೀರ್ತಿ ಬರುವದು ಇಂಥ ಕಾಮಾಲೆಯಿಂದ. ಆದರೆ ಹೆಪಟೈಟಿಸ್ ಬಿ ಎಂಬುದರ ದಾರಿ ಬೇರೆ. ಅದು ರಕ್ತದಿಂದಲೂ ದೇಹದ್ರವಗಳಿಂದಲೂ ಹರಡುವದು. ಹೆರಿಗೆಯಲ್ಲಿ ತಾಯಿಯಿಂದ ಕೂಸಿಗೆ, ತೊಳೆಯದ ಸೂಜಿಯಿಂದ, ಜಾತ್ರೆಯಲ್ಲಿ ಹಲವರಿಗೆ ಒಂದೇ ಸೂಜಿಯಿಂದ ಚುಚ್ಚುವ ಹಚ್ಚೆಯಿಂದ, ಒಬ್ಬರಿಂದೊಬ್ಬರಿಗೆ ಬದಲಿಸದೆ ಬಳಸುವ ಕ್ಷೌರದ ಕತ್ತಿಯಿಂದ ಅದು ಬರಬಹುದು. ದೊಡ್ಡವರಿಗೆ ತಗಲಿದರೆ ಬಹುಜನರ ಮೈ ಅದನ್ನು ಗೆದ್ದು ಹೊರಹಾಕುವದು. ಹುಟ್ಟಿದೊಡನೆ ತಗಲಿದ ಕೂಸುಗಳಲ್ಲಿಯಾದರೋ ನೂರಕ್ಕೆ ಸುಮಾರು 90ರಲ್ಲಿ ಅದು ಜೀವಾವಧಿಯಾಗಿ ನೆಲೆಸುವದು. ಹಲವು ವರುಷ ಯಾವ ಸುಳಿವನ್ನೂ ಕೊಡದೆ, ಮನೆಯನ್ನು ನಡೆಸುವ ಪ್ರಾಯದಲ್ಲಿ ಪಿತ್ತಕೋಶದ ಸಂಕೋಚವೋ ಅರ್ಬುದವೋ ಆಗಿ ಕಾಣಿಸಿಕೊಳ್ಳುವದು. ವಿಶ್ವ ಆರೋಗ್ಯ ಸಂಸ್ಥೆಯ ಗಣನೆಯಂತೆ 2022ರಲ್ಲಿ ಜಗತ್ತಿನಲ್ಲಿ 25 ಕೋಟಿ 40 ಲಕ್ಷ ಜನರು ಈ ರೋಗಾಣುವನ್ನು ಹೊತ್ತಿದ್ದರು. ಭಾರತದಲ್ಲಿ ಹಾಗೆ ಹೊತ್ತವರು ಸುಮಾರು 2 ಕೋಟಿ 98 ಲಕ್ಷ. ಆ ಒಂದೇ ವರುಷದಲ್ಲಿ ಅದರಿಂದ 11 ಲಕ್ಷ ಜನರು ತೀರಿಕೊಂಡರು.

ಮುಂಚಿತವಾಗಿ ರಕ್ಷೆಯನ್ನು ಕೊಡುವ ವಿದ್ಯೆಯು ನಮ್ಮ ನಾಡಿಗೆ ಬಂದು ಇನ್ನೂರು ವರುಷಗಳ ಮೇಲಾಯಿತು. ಮೈಸೂರಿನ ಅರಮನೆಯ ರಾಣಿಯರ 1805ರ ಒಂದು ಚಿತ್ರವು ಸಿಡುಬಿನ ಲಸಿಕೆಯ ಪ್ರಚಾರಕ್ಕಾಗಿ ಬರೆಯಿಸಿದ್ದೆಂದು ಇತಿಹಾಸಜ್ಞರು ಅಭಿಪ್ರಾಯಪಟ್ಟಿರುವರು. ನಮ್ಮ ಹಾನಗಲ್ಲ ಸೀಮೆಯು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದ ದಿನಗಳಲ್ಲಿ ಬೆಳಗಾವಿಯಲ್ಲಿಯೇ ಒಂದು ವ್ಯಾಕ್ಸಿನ್ ಸಂಸ್ಥೆಯಿದ್ದಿತು. ಆಗಿನ ಲಸಿಕೆಯನ್ನು ಕರುಗಳ ಮೈಮೇಲೆ ಗಾಯಮಾಡಿ ಬೆಳೆಸುತ್ತಿದ್ದರು. ಅದರ ಬಲದಿಂದ ಸಿಡುಬು ಅಳಿಯಿತು. ಜಗತ್ತು ಸಿಡುಬಿನಿಂದ ಮುಕ್ತವಾಯಿತೆಂದು 1980ರಲ್ಲಿ ಸಾರಿದರು. ಆ ಉಪಕಾರವನ್ನು ಮರೆಯಲಾಗದು. ಅಂತೆಯೇ ಆ ಮೂಕಪ್ರಾಣಿಗಳು ತೆತ್ತ ಬೆಲೆಯನ್ನೂ ಮರೆಯಲಾಗದು.

ಹೆಪಟೈಟಿಸ್ ಬಿ ರೋಗಾಣುವಿನ ತೊಡಕು ಬೇರೆಯಾಗಿದ್ದಿತು. 1965ರಲ್ಲಿ ಅಮೇರಿಕೆಯ ಬ್ಲಂಬರ್ಗ್ ಎಂಬವರು ಅದರ ಹೊರಪೊರೆಯ ಪ್ರೋಟೀನನ್ನು ರಕ್ತದಲ್ಲಿ ಗುರುತಿಸಿದರು. 1976ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಆದರೆ ಆ ರೋಗಾಣುವನ್ನು ಪ್ರಯೋಗಶಾಲೆಯಲ್ಲಿ ಬೇಕಾದಷ್ಟು ಬೆಳೆಸುವದು ಸಾಧ್ಯವಾಗಲಿಲ್ಲ. ಆದುದರಿಂದ 1981ರಲ್ಲಿ ಅಮೇರಿಕೆಯಲ್ಲಿ ಅನುಮತಿ ಪಡೆದ ಮೊದಲನೆಯ ಲಸಿಕೆಯನ್ನು ರೋಗವಾಹಕರ ರಕ್ತರಸದಿಂದಲೇ ಶೋಧಿಸಿ ತೆಗೆದರು. ಶೋಧನೆಯು ಕಟ್ಟುನಿಟ್ಟಾಗಿದ್ದರೂ, ಪರರ ರಕ್ತದಿಂದ ಬಂದುದೆಂಬ ಅಂಜಿಕೆಯು ಜನರನ್ನು ಬಿಡಲಿಲ್ಲ. ಏಡ್ಸ್ ರೋಗವು ಕಾಣಿಸಿಕೊಂಡ ಕಾಲವದು. ಮೇಲಾಗಿ, ಲಸಿಕೆಯು ಬೇಕಾದರೆ ರೋಗಿಗಳ ರಕ್ತವು ಬೇಕು. ರೋಗವು ಕಡಿಮೆಯಾದಂತೆ ಲಸಿಕೆಯೂ ಕಡಿಮೆಯಾಗಬೇಕು. ಇಂಥ ಇಕ್ಕಟ್ಟಿನಿಂದ ಬಿಡಿಸಿದ್ದು ಯೀಸ್ಟು.

ಅದು ಹೇಗೆಂಬುದನ್ನು ನಮ್ಮ ಪರಿಭಾಷೆಯಲ್ಲಿ ಹೇಳುವೆನು. ಪ್ರತಿಯೊಂದು ಜೀವಿಯಲ್ಲಿಯೂ ಅದರ ದೇಹನಿರ್ಮಾಣದ ವಿಧಿಯು ನಾಲ್ಕೇ ಅಕ್ಷರಗಳ ಲಿಪಿಯಲ್ಲಿ ಬರೆದಂತೆ ಇರುವದು. ಯೀಸ್ಟಿನ ಗ್ರಂಥದಲ್ಲಿ ಸುಮಾರು 1 ಕೋಟಿ 20 ಲಕ್ಷ ಅಕ್ಷರಗಳು; ಹೆಪಟೈಟಿಸ್ ಬಿ ರೋಗಾಣುವಿನದು ಸುಮಾರು 3,200 ಅಕ್ಷರಗಳ ಚಿಕ್ಕ ಓಲೆ. ರೋಗಾಣುವಿನ ಈ ಓಲೆಯಲ್ಲಿ ಹೊರಪೊರೆಯ ಪ್ರೋಟೀನನ್ನು ಕಟ್ಟುವ ಒಂದು ವಾಕ್ಯವುಂಟು. ಆ ಪ್ರೋಟೀನು 226 ಅಮೈನೊ ಆಮ್ಲಗಳ ಸರವು. ಆ ಒಂದು ವಾಕ್ಯವನ್ನು ಮಾತ್ರ ಪ್ರತಿಮಾಡಿಕೊಂಡು ಯೀಸ್ಟಿನ ಗ್ರಂಥದಲ್ಲಿ ಸೇರಿಸಿದರೆ, ಅರ್ಥವನ್ನರಿಯದೆಯೂ ಅಕ್ಷರ ತಪ್ಪದೆ ಬರೆಯುವ ಲಿಪಿಕಾರನಂತೆ ಯೀಸ್ಟು ಆ ಪ್ರೋಟೀನನ್ನು ತಯಾರಿಸತೊಡಗುವದು. ರೋಗಾಣುವಿನ ಉಳಿದ ವಾಕ್ಯಗಳನ್ನು ಅದಕ್ಕೆ ಕೊಡದಿರುವದರಿಂದ ರೋಗಾಣುವು ಹುಟ್ಟುವ ಮಾತೇ ಇಲ್ಲ. 1982ರಲ್ಲಿ ವಾಲೆನ್ಜುವೆಲಾ, ರಟ್ಟರ್, ಹಾಲ್ ಮೊದಲಾದ ವಿಜ್ಞಾನಿಗಳು ಇದನ್ನು ಸಾಧಿಸಿ ತೋರಿಸಿದರು. ಹೀಗೆ ಹುಟ್ಟಿದ ಪ್ರೋಟೀನುಗಳು ಒಂದಕ್ಕೊಂದು ಕೂಡಿಕೊಂಡು, ಮಿಲಿಮೀಟರಿನ ಹತ್ತು ಲಕ್ಷ ಭಾಗಗಳಲ್ಲಿ 22 ಭಾಗದಷ್ಟು ಅಡ್ಡಳತೆಯ ಗುಂಡುಗಳಾದವು. ರೋಗಿಗಳ ರಕ್ತದಲ್ಲಿ ಕಾಣುವ ಬರಿದಾದ ಪೊರೆಯ ಗುಂಡುಗಳಂತೆಯೇ ಇವು, ಒಳಗೆ ರೋಗಬೀಜವಿಲ್ಲ. ಕಳ್ಳನ ವೇಷವನ್ನು ಬೆದರುಗಂಬಕ್ಕೆ ತೊಡಿಸಿ ಕಾವಲುಗಾರನಿಗೆ ತೋರಿಸಿದಂತೆ, ಮೈಯೊಳಗಿನ ರಕ್ಷಕಶಕ್ತಿಗೆ ಶತ್ರುವಿನ ಗುರುತು ಸಿಕ್ಕುವದು. ಈ ವಿಧಾನದ ಲಸಿಕೆಗೆ ಅಮೇರಿಕೆಯಲ್ಲಿ 1986ರಲ್ಲಿ ಅನುಮತಿ ದೊರೆಯಿತು. ಮನುಷ್ಯರಿಗೆ ಕೊಡುವ ಲಸಿಕೆಗಳಲ್ಲಿ ಜೀನ್ ಜೋಡಣೆಯಿಂದ ಆದವುಗಳ ಪೈಕಿ ಅದೇ ಮೊದಲನೆಯದು.

ನಮ್ಮ ದೇಶದಲ್ಲಿ ಇದು ನೆಲೆಗೊಂಡದ್ದು ನೆರೆಯ ಹೈದರಾಬಾದಿನಲ್ಲಿ. ಆಮದಾದ ಲಸಿಕೆಯ ಒಂದು ಸೂಜಿಗೆ ಇಪ್ಪತ್ತು ಡಾಲರುಗಳಿಗೂ ಹೆಚ್ಚು ಬೆಲೆಯಿದ್ದ ಕಾಲದಲ್ಲಿ, ವರಪ್ರಸಾದ ರೆಡ್ಡಿಯವರು 1993ರಲ್ಲಿ ತಮ್ಮ ತಾಯಿಯ ಹೆಸರಿನಿಂದ ಶಾಂತಾ ಬಯೋಟೆಕ್ನಿಕ್ಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. 1997ರಲ್ಲಿ ಅವರ ಶಾನ್‌ವ್ಯಾಕ್-ಬಿ ಹೊರಬಂದಿತು. ನಮ್ಮ ಹಾವೇರಿ ಜಿಲ್ಲೆಯು ಹುಟ್ಟಿದ ವರುಷವೂ ಅದೇ. ಅವರು ಬಳಸಿದ್ದು ಪಿಕಿಯಾ ಪಾಸ್ಟೋರಿಸ್ ಎಂಬ ಬೇರೊಂದು ಯೀಸ್ಟು. ಇದರ ಸ್ವಭಾವವು ವಿಚಿತ್ರವಾದದ್ದು. ಕಳ್ಳಭಟ್ಟಿಯ ದುರಂತಗಳಲ್ಲಿ ಜನರ ಕಣ್ಣನ್ನೂ ಪ್ರಾಣವನ್ನೂ ಕಳೆಯುವ ಮೆಥನಾಲ್ ಎಂಬ ವಿಷವು ಇದಕ್ಕೆ ಆಹಾರವು. ಮೊದಲು ಗ್ಲಿಸರಾಲನ್ನು ಉಣಿಸಿ ದೊಡ್ಡ ಹಂಡೆಗಳಲ್ಲಿ ಇದನ್ನು ದಟ್ಟವಾಗಿ ಬೆಳೆಸುವರು; ಆಗ ಸೇರಿಸಿದ ವಾಕ್ಯವು ಮುಚ್ಚಿದ ಪುಸ್ತಕದಂತೆ ಸುಮ್ಮನಿರುವದು. ಅನಂತರ ಮೆಥನಾಲನ್ನು ಅಳತೆಯಿಂದ ಬಿಟ್ಟಾಗ ಆ ವಾಕ್ಯದ ಬಾಗಿಲು ತೆರೆದು ಪ್ರೋಟೀನಿನ ತಯಾರಿ ಭರದಿಂದ ನಡೆಯುವದು. ಬಳಿಕ ಕೋಶಗಳನ್ನು ಒಡೆದು, ಹಂತಹಂತವಾಗಿ ಶೋಧಿಸಿ, ಅಲ್ಯುಮಿನಿಯಂ ಲವಣಕ್ಕೆ ಅಂಟಿಸಿ ಸೀಸೆಗಳಲ್ಲಿ ತುಂಬುವರು. ಕೂಸಿಗೆ ಬೇಕಾಗುವದು ಒಂದು ಗ್ರಾಮಿನ ಹತ್ತು ಲಕ್ಷ ಭಾಗಗಳಲ್ಲಿ 10 ಭಾಗವಷ್ಟೆ. ಅಂದರೆ ಒಂದು ಗ್ರಾಮು ಪ್ರೋಟೀನು ಒಂದು ಲಕ್ಷ ಸೂಜಿಗಳಿಗೆ ಸಾಲುವದು. ದೇಶದ ಬೇರೆ ಸಂಸ್ಥೆಗಳೂ ಈ ಕಾರ್ಯಕ್ಕಿಳಿದುದರಿಂದ ಬೆಲೆಯು ಕ್ರಮೇಣ ಒಂದು ಡಾಲರಿನ ಸಮೀಪಕ್ಕೆ ಇಳಿಯಿತು. ಬೆಲೆಯಿಳಿದುದರಿಂದಲೇ ಅದು ಬಡವರ ತೊಟ್ಟಿಲಿಗೂ ಮುಟ್ಟಿತು.

ಕನ್ನಡನಾಡಿನ ಪಾಲೂ ಇದರಲ್ಲಿ ಉಂಟು. ಬೆಂಗಳೂರಿನ ಕಿರಣ್ ಮಜುಂದಾರರ ತಂದೆಯವರು ಮದ್ಯದ ಕಾರಖಾನೆಯಲ್ಲಿ ಹುದುಗಿಸುವ ವಿದ್ಯೆಯ ಮುಖ್ಯಸ್ಥರಾಗಿದ್ದರು. ಮಗಳೂ 1975ರಲ್ಲಿ ಆಸ್ಟ್ರೇಲಿಯದಲ್ಲಿ ಅದೇ ವಿದ್ಯೆಯನ್ನು ಕಲಿತು ಬಂದರು. 1978ರಲ್ಲಿ ಬಯೋಕಾನ್ ಸಂಸ್ಥೆಯನ್ನು ಆರಂಭಿಸಿ, ಆ ವಿದ್ಯೆಯನ್ನು ಮದ್ಯದ ಕಡೆಯಿಂದ ಔಷಧದ ಕಡೆಗೆ ತಿರುಗಿಸಿದರು. 2004ರಲ್ಲಿ ಆ ಸಂಸ್ಥೆಯು ಪಿಕಿಯಾ ಯೀಸ್ಟಿನಿಂದ ಮನುಷ್ಯರ ಇನ್ಸುಲಿನ್ನನ್ನು ತಯಾರಿಸಿ ಮಾರುಕಟ್ಟೆಗೆ ತಂದಿತು. ಇದು ಲಸಿಕೆಯಲ್ಲ, ಸಿಹಿಮೂತ್ರದ ಔಷಧವು. ಆದರೆ ಮಾರ್ಗವು ಒಂದೇ. ಹಿಂದಿನ ಕಾಲದಲ್ಲಿ ಇನ್ಸುಲಿನ್ನನ್ನು ದನ ಹಂದಿಗಳ ಗ್ರಂಥಿಗಳಿಂದ ತೆಗೆಯುತ್ತಿದ್ದರೆಂಬುದನ್ನು ನೆನೆದರೆ, ನಮ್ಮಂಥ ಶಾಕಾಹಾರಿಗಳಿಗೆ ಈ ಬದಲಾವಣೆಯ ಅರ್ಥವು ಚೆನ್ನಾಗಿ ಹೊಳೆಯುವದು.

ರಾಷ್ಟ್ರೀಯ ಲಸಿಕೆಯ ಕಾರ್ಯಕ್ರಮದಲ್ಲಿ ಹೆಪಟೈಟಿಸ್ ಬಿ ಲಸಿಕೆಯನ್ನು 2002ರಲ್ಲಿ ಕೆಲವೇ ಜಿಲ್ಲೆ ನಗರಗಳಲ್ಲಿ ಪರೀಕ್ಷಾರ್ಥವಾಗಿ ತೊಡಗಿದರು. 2007-08ರಲ್ಲಿ ಕರ್ನಾಟಕವೂ ಸೇರಿ ಹತ್ತು ರಾಜ್ಯಗಳಿಗೆ ಅದು ವ್ಯಾಪಿಸಿತು. 2011ರ ಹೊತ್ತಿಗೆ ದೇಶಕ್ಕೆಲ್ಲ ಹಬ್ಬಿತು. ಹುಟ್ಟಿದ 24 ತಾಸಿನೊಳಗೆ ಒಂದು ಸೂಜಿ, ಆ ಮೇಲೆ 6, 10, 14ನೆಯ ವಾರಗಳಲ್ಲಿ ಐದು ರೋಗಗಳ ಕೂಡುಲಸಿಕೆಯೊಳಗೆ ಇದೂ ಒಂದು. ಇಷ್ಟೇ ಅಲ್ಲ. 2021ರ ಡಿಸೆಂಬರಿನಲ್ಲಿ ಅನುಮತಿ ಪಡೆದ ಕಾರ್ಬೆವ್ಯಾಕ್ಸ್ ಎಂಬ ಕೋವಿಡ್ ಲಸಿಕೆಯ ಪ್ರೋಟೀನು ಕೂಡ ಪಿಕಿಯಾದಲ್ಲಿಯೇ ಬೆಳೆದದ್ದು. ಅಮೇರಿಕೆಯ ಟೆಕ್ಸಾಸಿನ ವಿಜ್ಞಾನಿಗಳು ಅದರ ಮೂಲವಿದ್ಯೆಯನ್ನು ಪೇಟೆಂಟಿನ ಬೇಲಿಯಿಲ್ಲದೆ ಕೊಟ್ಟರು. ಹೈದರಾಬಾದಿನ ಬಯಾಲಾಜಿಕಲ್ ಇ ಸಂಸ್ಥೆಯು ಅದನ್ನು ತಯಾರಿಸಿತು. 2022ರ ಮಾರ್ಚ್ 16ರಿಂದ 12ರಿಂದ 14 ವರುಷದ ಮಕ್ಕಳಿಗೆ ಅದನ್ನೇ ಚುಚ್ಚಿದರು. ಈ ಸಭೆಯಲ್ಲಿ ಕುಳಿತಿರುವ ತರುಣರಲ್ಲಿ ಅಂದು ಆ ವಯಸ್ಸಿನವರಾಗಿದ್ದವರು, ತಾವರಿಯದೆಯೇ ಯೀಸ್ಟಿನ ಉಪಕಾರಕ್ಕೆ ಪಾತ್ರರಾಗಿದ್ದಾರು. ಸ್ತ್ರೀಯರ ಗರ್ಭಕಂಠದ ಅರ್ಬುದವನ್ನು ತಡೆಯುವ ಕೆಲವು ಲಸಿಕೆಗಳಲ್ಲಿಯೂ, ಆಫ್ರಿಕೆಯ ಮಕ್ಕಳಿಗಾಗಿ ಪುಣೆಯ ಸೀರಂ ಸಂಸ್ಥೆಯು ತಯಾರಿಸುವ ಮಲೇರಿಯಾ ಲಸಿಕೆಯಲ್ಲಿಯೂ ಯೀಸ್ಟಿನದೇ ಕೆಲಸವು.

ಇನ್ನು ಪೂರ್ವಪಕ್ಷಗಳು. ಹೆಂಡವನ್ನು ಹುಳಿಸುವ ವಸ್ತುವಿನಿಂದಾದದ್ದು ವ್ರತಸ್ಥರ ಮನೆಯ ಕೂಸಿಗೆ ಸಲ್ಲುವದೆ ಎಂಬುದು ಮೊದಲನೆಯದು. ಉತ್ತರವೇನೆಂದರೆ, ಮದವಿರುವದು ಮದ್ಯದಲ್ಲಿ, ಯೀಸ್ಟಿನಲ್ಲಿಯಲ್ಲ. ನಮ್ಮ ಇಡ್ಲಿ ದೋಸೆಗಳ ಹಿಟ್ಟಿನಲ್ಲಿಯೂ ಬ್ಯಾಕ್ಟೀರಿಯಗಳೊಡನೆ ಯೀಸ್ಟುಗಳು ಇರುವವು. ಅದನ್ನುಂಡು ಯಾರೂ ವ್ರತಭ್ರಷ್ಟರಾಗಲಿಲ್ಲ. ಮೇಲಾಗಿ ಸೀಸೆಯಲ್ಲಿ ಜೀವಂತ ಯೀಸ್ಟು ಇರುವದಿಲ್ಲ. ಶೋಧಿಸಿದ ಪ್ರೋಟೀನಿನೊಡನೆ ಯೀಸ್ಟಿನ ಲೇಶಾಂಶವು ಮಾತ್ರ ಉಳಿದಿರುವದು. ಯೀಸ್ಟು ಮೈಗೆ ಸೇರದೆ ತೀವ್ರವಾಗಿ ಕೆರಳುವ ವಿರಳ ಜನರು ಮಾತ್ರ ವೈದ್ಯರಿಗೆ ಅದನ್ನು ಮೊದಲೇ ತಿಳಿಸಬೇಕು. ಕರುವಿನ ಗಾಯದಿಂದ ಬಂದುದಕ್ಕೂ ರೋಗಿಯ ರಕ್ತದಿಂದ ಬಂದುದಕ್ಕೂ ಹೋಲಿಸಿದರೆ, ಹಿಂಸೆ ಕಡಿಮೆಯಾದ ದಾರಿಯು ಇದೇ ಸರಿ.

ಅನ್ಯಜೀವಿಯ ಜೀನು ನಮ್ಮ ಕೂಸಿನ ಮೈ ಸೇರಿ ವಂಶವನ್ನೇ ಬದಲಿಸೀತೆಂಬುದು ಎರಡನೆಯದು. ಜೋಡಣೆಯಾದದ್ದು ಯೀಸ್ಟಿನ ಗ್ರಂಥದಲ್ಲಿ. ಕೂಸಿಗೆ ಕೊಡುವದು ಅದು ಬರೆದ ಪ್ರೋಟೀನನ್ನು. ಗ್ರಂಥವೇ ಬೇರೆ, ಅದನ್ನೋದಿ ಮಾಡಿದ ಅಡಿಗೆಯೇ ಬೇರೆ. ಪ್ರೋಟೀನು ಕೆಲ ದಿನಗಳಲ್ಲಿ ಕರಗಿ ಹೋಗುವದು; ಉಳಿಯುವದು ಶತ್ರುವಿನ ಗುರುತಿನ ನೆನಪು ಮಾತ್ರ.

ಮೂರನೆಯದು, ದೇವರು ಬೇರೆ ಬೇರೆ ಮಾಡಿದ್ದನ್ನು ಮನುಷ್ಯನು ಬೆರೆಸಬಹುದೆ ಎಂಬುದು. ಇದನ್ನು ಹಗುರವಾಗಿ ತೆಗೆದುಹಾಕಲಾಗದು. ಶಕ್ತಿಯಿದ್ದಲ್ಲಿ ದುರುಪಯೋಗವೂ ಉಂಟು. ಆದುದರಿಂದಲೇ ನಮ್ಮ ದೇಶದಲ್ಲಿ 1986ರ ಪರಿಸರ ಸಂರಕ್ಷಣಾ ಕಾಯದೆಯ ಕೆಳಗೆ 1989ರಲ್ಲಿ ಇಂಥ ಜೀವಿಗಳ ಸಲುವಾಗಿ ನಿಯಮಗಳನ್ನು ಮಾಡಿ, ಸಮಿತಿಗಳನ್ನು ನೇಮಿಸಿದರು. ಹೊಲದಲ್ಲಿ ಬಿತ್ತಿ ಗಾಳಿಗೆ ಬಿಡುವ ಬೆಳೆಯ ಪ್ರಶ್ನೆ ಬೇರೆ, ಮುಚ್ಚಿದ ಉಕ್ಕಿನ ಹಂಡೆಯಲ್ಲಿ ಬೆಳೆಸಿ ಕೊಲ್ಲುವ ಯೀಸ್ಟಿನ ಪ್ರಶ್ನೆ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವದು ತರ್ಕವಲ್ಲ. ಯಾವದನ್ನು ಏತಕ್ಕಾಗಿ ಯಾರ ಹಿತಕ್ಕಾಗಿ ಬೆರೆಸಿದರೆಂಬುದನ್ನು ಪ್ರತಿಯೊಂದು ಸಲವೂ ಕೇಳಬೇಕು. ಕೇಳಿ ಉತ್ತರವು ದೊರೆತ ಮೇಲೆ ಕೇವಲ ಹಟದಿಂದ ಬೇಡವೆನ್ನಬಾರದು.

ಈ ವಿದ್ಯೆಯ ಮಿತಿಗಳನ್ನು ಹೇಳದಿದ್ದರೆ ನನ್ನ ಮಾತು ಸ್ತುತಿಪಾಠವಾದೀತು. ಯೀಸ್ಟು ಎಲ್ಲ ಪ್ರೋಟೀನುಗಳನ್ನೂ ಸರಿಯಾದ ಆಕಾರದಲ್ಲಿ ಮಡಚಲಾರದು. ಕೆಲವಕ್ಕೆ ತನ್ನ ರೀತಿಯ ಸಕ್ಕರೆಯ ಸರಗಳನ್ನು ತೊಡಿಸುವದರಿಂದ ಗುರುತು ಮರೆಯಾಗುವದೂ ಉಂಟು. ಹೆಪಟೈಟಿಸ್ ಬಿ ಲಸಿಕೆಯನ್ನು ಪೂರ್ಣವಾಗಿ ತೆಗೆದುಕೊಂಡರೂ ಕೆಲವರ ಮೈಯಲ್ಲಿ ಸಾಕಷ್ಟು ರಕ್ಷೆಯು ಹುಟ್ಟದು. ಈಗಾಗಲೇ ರೋಗವು ನೆಲೆಸಿದವರನ್ನು ಅದು ಗುಣಪಡಿಸದು. ಅಂಥವರಿಗೆ 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಮೂಲಕ ಸರಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ ಚಿಕಿತ್ಸೆಗಳ ವ್ಯವಸ್ಥೆಯಾಯಿತು. ಇನ್ನು, ಈ ಲಸಿಕೆಯು ಹೆಪ್ಪುಗಟ್ಟಿದರೆ ನಿರುಪಯೋಗವಾಗುವದು. ಅದನ್ನು 2ರಿಂದ 8 ಡಿಗ್ರಿಯೊಳಗೇ ಕಾಪಾಡಬೇಕು. ಇಷ್ಟೆಲ್ಲ ಸೂಕ್ಷ್ಮವಾದ ವಸ್ತುವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಮಳೆಗಾಲದ ಕೆಸರು ದಾರಿಯಲ್ಲಿ ಮನೆಮನೆಗೆ ಬರುವ ಆರೋಗ್ಯದ ಕಾರ್ಯಕರ್ತೆಯನ್ನು ಹೊಸ್ತಿಲಲ್ಲಿ ನಿಲ್ಲಿಸಿ ಕಳುಹುವದು ನಮಗೆ ಶೋಭಿಸುವದೆ?

ಫಲವೇನೆಂದು ಕೇಳುವವರಿಗೆ ತೈವಾನ ದ್ವೀಪದ ದೃಷ್ಟಾಂತವುಂಟು. ಅಲ್ಲಿ 1984ರಿಂದ ಕೂಸುಗಳಿಗೆ ಮೊದಲು ರಕ್ತರಸದ, ಆ ಮೇಲೆ ಯೀಸ್ಟಿನ ಲಸಿಕೆಯನ್ನು ಕೊಟ್ಟರು. ಹದಿಮೂರು ವರುಷಗಳ ಬಳಿಕ, 1997ರಲ್ಲಿ, ಅಲ್ಲಿನ ವೈದ್ಯರು ಮಕ್ಕಳ ಪಿತ್ತಕೋಶದ ಅರ್ಬುದವು ಸುಮಾರು ಅರ್ಧಕ್ಕೆ ಇಳಿದುದನ್ನು ಲೆಕ್ಕಸಹಿತವಾಗಿ ಪ್ರಕಟಿಸಿದರು. ಅರ್ಬುದವೊಂದನ್ನು ಸೂಜಿಯಿಂದ ಮುಂಚಿತವಾಗಿ ತಡೆಯಬಹುದೆಂಬುದಕ್ಕೆ ಅದು ಪ್ರತ್ಯಕ್ಷ ಪ್ರಮಾಣವಾಯಿತು.

ತಾಯಂದಿರೆ, ಇಷ್ಟೆಲ್ಲ ವಿಚಾರದ ಸಾರವು 24 ತಾಸುಗಳಲ್ಲಿದೆ. ಆ ಒಂದು ದಿವಸ ತಪ್ಪಿದರೆ, ತಾಯಿಯಲ್ಲಿ ರೋಗಾಣುವಿದ್ದ ಪಕ್ಷದಲ್ಲಿ, ಕೂಸಿನ ಜೀವಮಾನದ ಬಾಗಿಲಿಗೇ ಬೀಗ ಬೀಳದಂತಾಗುವದು. ಪುರುಡಿನ ದಿನಗಳು ಕಳೆಯಲಿ, ಹೆಸರಿಡುವ ದಿನ ನೋಡೋಣ, ಹಿರಿಯರು ಊರಿಂದ ಬರಲಿ ಎಂದು ತಡಮಾಡುವದರಿಂದ ರೋಗಾಣುವು ಕಾಯುವದಿಲ್ಲ. ಗರ್ಭಿಣಿಯರು ರಕ್ತಪರೀಕ್ಷೆ ಮಾಡಿಸಿಕೊಳ್ಳಲಿ; ಹೆರಿಗೆಯು ಆಸ್ಪತ್ರೆಯಲ್ಲಿ ಆಗಲಿ; ಜವಳ ತೆಗೆಯಿಸುವಾಗ ಹೊಸ ಪತ್ತಿಯನ್ನು ಕೇಳಿರಿ; ಜಾತ್ರೆಯ ಹಚ್ಚೆಯವನಿಗೆ ಹೊಸ ಸೂಜಿಯಿಲ್ಲದಿದ್ದರೆ ಮಕ್ಕಳ ಕೈಯನ್ನು ಕೊಡಬೇಡಿರಿ.

ವಿದ್ಯಾರ್ಥಿಗಳೆ, ನಮ್ಮ ಪೂರ್ವಿಕರು ಕಿಣ್ವವನ್ನು ಕಂಡು ಅದರಿಂದ ದರ್ಶನದ ದೃಷ್ಟಾಂತವನ್ನು ಮಾಡಿದರು. ಈಗಿನವರು ಅದೇ ಕಿಣ್ವದಿಂದ ಮಕ್ಕಳ ಪ್ರಾಣರಕ್ಷೆಯನ್ನು ಮಾಡಿದರು. ನಿಮ್ಮಲ್ಲಿ ಸಂಸ್ಕೃತವನ್ನೋದುವವನು ಜೀವಶಾಸ್ತ್ರವನ್ನು ಪರಕೀಯವೆಂದು ತಿಳಿಯದಿರಲಿ. ಜೀವಶಾಸ್ತ್ರವನ್ನೋದುವವನು ಹಳೆಯ ಗ್ರಂಥಗಳನ್ನು ಕಸವೆಂದು ತಿಳಿಯದಿರಲಿ. ಹೊಟ್ಟೆಗೆ ಅನ್ನವನ್ನಿಕ್ಕುವದೂ ತಲೆಗೆ ವಿದ್ಯೆಯನ್ನಿಕ್ಕುವದೂ ಮಠಗಳ ಕರ್ತವ್ಯವೆಂದು ಈ ನಾಡು ನಂಬಿ ಬಂದಿದೆ. ರೋಗದ ಭಯವನ್ನು ತಿಳಿವಳಿಕೆಯಿಂದ ನೀಗಿಸುವದೂ ಅದರೊಳಗೇ ಸೇರುವದೆಂದು ನಾನು ಭಾವಿಸುವೆನು.

ಈ ಸೀಮೆಯ ತೊಟ್ಟಿಲುಗಳೆಲ್ಲ ನಿರೋಗಿಯಾಗಿ ತೂಗಲಿ. ಶುಭಮಸ್ತು.